ತಳದ ಹಿಮ

ರಿಂಕಿನ ಹಿಂದೆ, ಡೀಸೆಲ್ ಟ್ಯಾಂಕಿನ ಪಕ್ಕ
ಪ್ರತಿ ಚಳಿಗಾಲ ಒಂದು ಗುಡ್ಡ ಬೆಳೆಯುತ್ತದೆ.
ಆಟ ಮುಗಿದ ಮೇಲೆ ಯಂತ್ರ ಹೆರೆದು ತಂದ ಹಿಮದ ಹುಡಿ,
ಅದರಲ್ಲಿ ಸ್ಕೇಟಿನ ಗೀರು, ಹುಡುಗರ ಉಗುಳು, ಒಮ್ಮೊಮ್ಮೆ ಒಂದು ಹಲ್ಲು.
ಅಲ್ಲಿ ಸುರಿದು ಬರುವುದು ಡೇನ್ ಹಿಲ್ತುನೆನ್‌ನ ಕೆಲಸ.

ವಾರದ ಐದು ದಿನ ಹಾಗೆ.
ಶನಿವಾರ ಬೂಟಿಗೆ ಪಾಲಿಶ್ ತಿಕ್ಕಿ
ಎರಡು ಗಂಟೆ ದಾರಿಯ ಕವಾಯತು ಸಾಲೆಗೆ ಹೋಗುತ್ತಿದ್ದ.
ರಜಾದಿನದ ಸಿಪಾಯಿ ಎಂದು ರೇಗಿಸುತ್ತಿದ್ದೆವು.
"ದುಡ್ಡು ಬರ್ತದೆ ಮಾರ್ಸೆಲ್, ಟ್ರಕ್ಕಿಗೆ ಟೈರು ಬೇಕು."
ದೇಶದ ಮಾತು ಅವನ ಬಾಯಲ್ಲಿ ನಾನಂತೂ ಕೇಳಿದವನಲ್ಲ.
ಪೆಟ್ಟಿಗೆಯ ಮುಂದೆ ನಿಂತು ಮೇಯರ್ ಅದನ್ನೆಲ್ಲ ಹೇಳಿದರು.
ಇದ್ದಿರಬಹುದು.

ಮೀಸಲು ಪಡೆ.
ಮೀಸಲು ಅಂದರೆ ಎತ್ತಿಟ್ಟದ್ದು, ಎಂಜಲಾಗದ್ದು.
ಅವನ ತಾಯಿ ಐಲಿ ನೆಲಮಾಳಿಗೆಯ ಹಲಗೆಯ ಮೇಲೆ
ಬ್ಲೂಬೆರಿ ಜಾಡಿಗಳಿಗೆ ಇಸವಿ ಬರೆದು ಇಡುತ್ತಾಳಲ್ಲ,
ಹಾಗೆ ಎಂದುಕೊಂಡಿದ್ದೆವು.
ಜನವರಿಯಲ್ಲಿ ಯಾರೋ ಕೈಚಾಚಿ ಜಾಡಿ ಇಳಿಸಿಕೊಂಡರು.

ಕಂದಹಾರದಿಂದ ಒಂದೇ ಕಾಗದ. ನನಗಲ್ಲ, ರಿಂಕಿಗೆ:
"ಇಲ್ಲೂ ಡ್ರೈವರನೇ. ನೀರಿನ ಲಾರಿ.
ಧೂಳು ಹಿಟ್ಟಿನಷ್ಟು ನಯ, ನಮ್ಮ ಹುಡಿಯ ಹಾಗೇ,
ಕರಗುವುದಿಲ್ಲ ಅಷ್ಟೆ.
ಬ್ಲೇಡು ಬದಲಿಸಿದಿರಾ?
ಸ್ಕೋರ್‌ಬೋರ್ಡಿನ ಕೆಳಗಿನ ಮೂಲೆಯಲ್ಲಿ ನಿಧಾನ,
ಅಲ್ಲಿ ನೆಲ ಕುಸಿದಿದೆ."
ಕ್ಯಾಂಟೀನಿನ ಫ್ರಿಜ್ಜಿಗೆ ಅಂಟಿಸಿದೆವು.
ಅದರ ಮೇಲಿನ ಕಾಫಿ ಕಲೆ ನನ್ನದು.

ಮೇ ಹತ್ತೊಂಬತ್ತು. ರಸ್ತೆಯಂಚಿನಲ್ಲಿ ಹೂತಿಟ್ಟದ್ದೇನೋ.
ಅಷ್ಟೇ ತಿಳಿಸಿದರು.
ಅಷ್ಟು ಸಾಕು ಅಂದಳು ಐಲಿ.

ಗುಡ್ಡ ಅವತ್ತಿಗೂ ಆಳೆತ್ತರ ಇತ್ತು,
ಬೂದಿ ಬಣ್ಣ, ಸುತ್ತ ಕೆಸರು.
ಅಜ್ಜ ಟೊಯ್ವೊ, ಎಂಬತ್ತೆಂಟರ ಮುದುಕ,
ಪಿಕಪ್ಪಿನ ತುಂಬ ಗರಗಸದ ಹೊಟ್ಟು ಹೇರಿಕೊಂಡು ಬಂದ.
ಯಾರನ್ನೂ ಕೇಳದೆ ಸುರಿದ.
ಸಲಿಕೆಯ ಬೆನ್ನಿನಿಂದ ತಟ್ಟುತ್ತ ಸುತ್ತು ಬಂದ,
ಆಲೂಗಡ್ಡೆ ಪಾತಿಗೆ ಮಣ್ಣೇರಿಸುವವನ ಹಾಗೆ.
"ಸರೋವರದ ಗಡ್ಡೆ ಕೊಯ್ದು ಹೀಗೇ ಮುಚ್ಚಿಡುತ್ತಿದ್ದೆವು,
ಆಗಸ್ಟಿನ ಮೀನಿಗೆ."
ಬೇರೆ ಮಾತಿಲ್ಲ.

ನಾನೊಂದು ಲೆಕ್ಕ ಹೇಳಬೇಕಿತ್ತು ಅವನಿಗೆ.
ಫೆಬ್ರವರಿ, ಮಾರ್ಚು ಸುರಿದವನು ನಾನು; ಅದು ಮೇಲಿದೆ.
ಹುಡುಗನದು ತಳದಲ್ಲಿ.
ಬಾಯಿ ಬರಲಿಲ್ಲ.
ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು:
ಹಾಗಾದರೆ ಮೊದಲು ಕರಗುವುದು ನನ್ನದು.

ಜೂನ್ ಪೂರ್ತಿ ನನ್ನದು ಕರಗಿತು.
ಒಂದು ಪಕ್ಕು ಸಿಕ್ಕಿತು, ಯಾರದೋ ಕೆಂಪು ಕೈಗವಸು,
ಬೆರಳುಗಳೊಳಗೆ ಇನ್ನೂ ಗಟ್ಟಿ ನೀರು.
ಜುಲೈ ನಡುವೆ ಐಲಿ ಬಂದಳು,
ಬಕೆಟ್ಟು ಕವುಚಿ ಕೂತಳು,
ಹೊಟ್ಟಿನೊಳಗೆ ಮಣಿಕಟ್ಟಿನವರೆಗೆ ಕೈ ತೂರಿಸಿ
ಬಹಳ ಹೊತ್ತು ಹಾಗೇ ಇಟ್ಟುಕೊಂಡಳು.
ತೆಗೆದಾಗ ಬೆರಳು ಕೆಂಡದಂತೆ ಕೆಂಪಗಿತ್ತು.
"ಇದೆ" ಅಂದಳು. ಸ್ಕರ್ಟಿಗೆ ಒರೆಸಿಕೊಳ್ಳಲಿಲ್ಲ.

ಆಗಸ್ಟ್ ಆರರ ಬೆಳಿಗ್ಗೆ ಬರೀ ಒದ್ದೆ ಹೊಟ್ಟು,
ನೆಲಕ್ಕೆ ಅಂಟಿಕೊಂಡು.
ನೀರು ಚರಂಡಿ ಹಿಡಿದು, ಹೆದ್ದಾರಿಯಡಿಯ ಕೊಳವೆ ನುಸುಳಿ
ಸುಪೀರಿಯರ್ ಸೇರಿರಬೇಕು, ಯಾವಾಗಲೋ, ನಾವು ಮಲಗಿದ್ದಾಗ.
ಟೊಯ್ವೊ ಹೊಟ್ಟನ್ನು ಗೋರಿ ಮತ್ತೆ ಪಿಕಪ್ಪಿಗೆ ತುಂಬಿದ.
ಒಣಗಿಸಿದರೆ ಒಲೆಗಾದೀತು ಅಂದ.

ಆ ಮೂಲೆಗೆ ಬಂದಾಗ ಈಗಲೂ ವೇಗ ಇಳಿಸುತ್ತೇನೆ.
ಹೊಸ ಹುಡುಗ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದಾನೆ.
"ನೆಲ ಸರಿಮಾಡಿಸಿ ಮೂರು ವರ್ಷ ಆಯ್ತಲ್ಲ?"
ಗೊತ್ತು ಅನ್ನುತ್ತೇನೆ.
ಅವನೂ ಅಲ್ಲಿ ನಿಧಾನ ಮಾಡುತ್ತಾನೆ,
ಯಾಕೆಂದು ಗೊತ್ತಿಲ್ಲದೆ.